ಬೆಂಕಿ ಹೊತ್ತಿಸಲು ಉದುರಿದ ತೊಗಟೆ ಸಾಕು

ಚಿಕ್ಕಮಗಳೂರಿನ ಕಾಫಿ ತೋಟಗಳ ಹೋಂಸ್ಟೇಗಳಲ್ಲಿ ಚಳಿಗಾಲದ ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ ಅಡುಗೆ ಮಾಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬೆಂಕಿ ಹೊತ್ತಿಸಲು ನಿಂತ ಮರದ ತೊಗಟೆಯನ್ನು ಕತ್ತಿಯಿಂದ ಸುಲಿಯುವುದನ್ನು ನಾನು ಒಪ್ಪಲಾರೆ.

ಹೊರದೇಶದ ವಿಡಿಯೊಗಳಲ್ಲಿ ಕಾಣುವ ಬರ್ಚ್ ಮರದ ತೆಳುವಾದ ತೊಗಟೆ ಒದ್ದೆಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಆ ಜಾತಿಯ ಭೂರ್ಜ ನಮ್ಮಲ್ಲಿ ಬೆಳೆಯುವುದು ಹಿಮಾಲಯದಲ್ಲಿ, ಮಲೆನಾಡಿನಲ್ಲಲ್ಲ. ಇಲ್ಲಿ ಕೈಗೆ ಸಿಗುವುದು ಕಾಫಿಗೆ ನೆರಳು ಕೊಡುವ, ಮೈಮೇಲೆ ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕ್. ಅದರ ಒರಟು ಹೊರಪದರವನ್ನು ಎಬ್ಬಿಸಿದರೆ ಕೆಳಗೆ ಬೆರಳಿಗೆ ತೇವ ತಾಗುವ ಎಳೆಯ ಪದರವಿದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ಪದರದ ಮೂಲಕವೇ ಆದ್ದರಿಂದ, ಕಾಂಡದ ಸುತ್ತಲೂ ಉಂಗುರದಂತೆ ಸುಲಿದರೆ ಬೇರು ಹಸಿದು ಮರ ನಿಧಾನವಾಗಿ ಒಣಗುತ್ತದೆ. ಇಷ್ಟೆಲ್ಲ ಮಾಡಿದರೂ ಹಸಿ ತೊಗಟೆ ಉರಿಯುವುದಿಲ್ಲ, ಕಣ್ಣುರಿಸುವ ಹೊಗೆಯನ್ನಷ್ಟೇ ಕೊಡುತ್ತದೆ.

ನೀಲಗಿರಿ ಮರ ತಾನಾಗಿಯೇ ಉದುರಿಸುವ ಉದ್ದುದ್ದ ಸಿಪ್ಪೆ, ಸೌದೆ ಸೀಳಿದಾಗ ಬಿದ್ದ ಒಣ ತೊಗಟೆ, ಇವಿಷ್ಟು ಬೇಕಾದಷ್ಟಾಯಿತು. ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ನಾರು ಮಾಡಿ, ಮೇಲೆ ಪುರಲೆ ಜೋಡಿಸಿ, ಉರಿ ಹಿಡಿದ ಮೇಲೆ ಕಾಫಿ ಗಿಡದ ಗಟ್ಟಿ ಕೊರಡುಗಳನ್ನು ಇಡಬೇಕು. ನೀಲಗಿರಿಯ ಹೊಗೆಯ ವಾಸನೆ ಅಡುಗೆಗೆ ಹಿಡಿಯುವುದರಿಂದ, ಅದು ಪೂರ್ತಿ ಉರಿದುಹೋಗಿ ಕೆಂಡ ಬಿದ್ದ ಮೇಲೆಯೇ ಗೆಣಸು ಹೂಳಬೇಕು, ಪಾತ್ರೆ ಇಡಬೇಕು. ಗುರುತಿಲ್ಲದ ಮರದ ತೊಗಟೆಯನ್ನು ಅಡುಗೆಯ ಬೆಂಕಿಗೆ ಹಾಕಲೇಬಾರದು: ಕಣಗಿಲೆ ವಿಷ, ಗೇರು ಜಾತಿಯ ಕೆಲವು ಕಾಡುಮರಗಳ ಸೋನೆ ತಾಗಿದರೆ ಚರ್ಮದಲ್ಲಿ ಗುಳ್ಳೆ ಏಳುತ್ತದೆ.

ನನಗೆ ಎಲ್ಲಕ್ಕಿಂತ ಆತಂಕ ತರುವುದು ಗಾಳಿ. ಉರಿಯುವ ನೀಲಗಿರಿ ಸಿಪ್ಪೆ ಹಗುರ. ಆಸ್ಟ್ರೇಲಿಯಾದ ಕಾಳ್ಗಿಚ್ಚುಗಳಲ್ಲಿ ಅದು ಕಿಲೋಮೀಟರುಗಟ್ಟಲೆ ಹಾರಿ ಹೊಸ ಬೆಂಕಿ ಹಚ್ಚಿದ್ದುಂಟು. ಬೇಸಿಗೆಯಲ್ಲಿ ಮುಳ್ಳಯ್ಯನಗಿರಿಯ ಇಳಿಜಾರಿನ ಹುಲ್ಲು ಒಣಗಿ ನಿಂತಿರುವಾಗ ಒಂದೇ ಕಿಡಿ ಸಾಕು. ಮೀಸಲು ಅರಣ್ಯದೊಳಗೆ ಬೆಂಕಿ ಹಾಕುವುದಂತೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಹೋಂಸ್ಟೇ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮಳೆಗಾಲಕ್ಕೆ ಮೊದಲೇ ಬಿದ್ದ ತೊಗಟೆಯನ್ನು ಆರಿಸಿ, ಚೀಲಕ್ಕೆ ತುಂಬಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಳ್ಳಿ, ಬೆಂಕಿಯ ಪಕ್ಕದಲ್ಲಿ ಎರಡು ಕೊಡ ನೀರನ್ನೂ ಇಡಿ. ಒಣ ತೊಗಟೆ ಕೈಗೆ ಕೊಟ್ಟರೆ ಅತಿಥಿಗಳು ಮರದ ಕಡೆಗೆ ಕತ್ತಿ ಹಿಡಿದು ಹೋಗುವುದಿಲ್ಲ.