ಸತ್ತ ಊರಿನಲ್ಲಿ ಉಳಿದ ರೇಡಿಯೊ ದನಿ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಒಬ್ಬ ಕಾಮಿಕ್ ನಾಯಕನ ವಿಚಾರ. ಕಪ್ಪು ಟ್ರೆಂಚ್ ಕೋಟು, ಕಪ್ಪು ಟೋಪಿ, ಕುತ್ತಿಗೆಗೆ ಬೆಳ್ಳಿ ಬಣ್ಣದ ಸ್ಕಾರ್ಫು, ಕೈಯಲ್ಲಿ ಫಳಫಳ ಹೊಳೆಯುವ ಮಷಿನ್ ಗನ್. ಹೆಸರು ಸಿಲ್ವರ್ ಶ್ರೌಡ್. ಪಾತಕಿಗಳನ್ನು ಹುಡುಕಿಕೊಂಡು ಹೋಗಿ ಮುಗಿಸುವವನು. ಪೊಲೀಸ್ ಅಲ್ಲ, ಕೋರ್ಟು ಕಚೇರಿಯ ಗೊಡವೆಯೂ ಅವನಿಗಿಲ್ಲ. ಇಂಥವರು ಕಾಮಿಕ್ ಲೋಕದಲ್ಲಿ ಡಜನ್‌ಗಟ್ಟಲೆ ಸಿಗುತ್ತಾರೆ, ಇವನದ್ದೇನು ಹೆಚ್ಚುಗಾರಿಕೆ ಅಂತ ನೀವು ಕೇಳಬಹುದು. ಹೇಳುತ್ತೇನೆ. ಸೂಪರ್‌ಮ್ಯಾನ್ ತನ್ನ ಕಥೆಯ ಲೋಕದಲ್ಲಿ ನಿಜವಾಗಿ ಇದ್ದಾನೆ. ಬ್ಯಾಟ್‌ಮ್ಯಾನ್ ಕೂಡ ಇದ್ದಾನೆ. ಸಿಲ್ವರ್ ಶ್ರೌಡ್ ಮಾತ್ರ ತನ್ನ ಲೋಕದಲ್ಲೂ ಇಲ್ಲ. ಆ ಕಥೆಯೊಳಗಿನ ಜನಕ್ಕೂ ಅವನು ಬರೀ ಕಟ್ಟುಕಥೆ.

ಅವನು ಬರುವುದು 'ಫಾಲ್‌ಔಟ್ 4' ಎಂಬ ವಿಡಿಯೊ ಗೇಮ್‌ನಲ್ಲಿ. ಅಮೆರಿಕದ ಬೆಥೆಸ್ಡಾ ಕಂಪನಿ 2015ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಆಟ. ವಿಡಿಯೊ ಗೇಮ್ ಸುದ್ದಿ ರೇಡಿಯೊದಲ್ಲಿ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ಈ ಕಥೆಗೆ ರೇಡಿಯೊವೇ ಜೀವ, ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಫಾಲ್‌ಔಟ್ ಲೋಕದ ಅಮೆರಿಕ ನಮಗೆ ಗೊತ್ತಿರುವ ಅಮೆರಿಕ ಅಲ್ಲ. ಅಲ್ಲಿ ವಿಜ್ಞಾನ ಮುಂದಕ್ಕೆ ಓಡಿತು. ಮನೆಗೆಲಸಕ್ಕೆ ರೋಬೋಟ್ ಬಂತು, ಕಾರು ಅಣುಶಕ್ತಿಯಿಂದ ಓಡಿತು. ಆದರೆ ಬಟ್ಟೆ, ಹಾಡು, ಜಾಹೀರಾತು ಎಲ್ಲ 1950ರ ದಶಕದಲ್ಲೇ ನಿಂತುಬಿಟ್ಟವು. 2077ರ ಅಕ್ಟೋಬರ್ 23ರಂದು ಅಣುಯುದ್ಧ ನಡೆಯಿತು. ಹೆಚ್ಚು ಹೊತ್ತೇನೂ ಇಲ್ಲ, ಸುಮಾರು ಎರಡೇ ಗಂಟೆ. ನಮ್ಮ ಆಟ ನಡೆಯುವುದು ಅದಾಗಿ 210 ವರ್ಷಗಳ ನಂತರ, 2287ರಲ್ಲಿ, ಪಾಳುಬಿದ್ದ ಬಾಸ್ಟನ್ ನಗರದಲ್ಲಿ. ಯುದ್ಧಕ್ಕೆ ಮೊದಲು ಅಲ್ಲಿ ಹ್ಯೂಬ್ರಿಸ್ ಕಾಮಿಕ್ಸ್ ಅಂತ ಒಂದು ಪ್ರಕಾಶನ ಇತ್ತು. ಇದೂ ಕಲ್ಪನೆಯೇ. ಸಿಲ್ವರ್ ಶ್ರೌಡ್ ಆ ಪ್ರಕಾಶನದ ನಾಯಕ. ಮೊದಲು ಕಾಮಿಕ್, ಜೊತೆಗೆ ರೇಡಿಯೊ ನಾಟಕ. ಇನ್ನೇನು ಟಿ.ವಿ.ಗೂ ಬರಬೇಕು ಅನ್ನುವಾಗ ಬಾಂಬ್ ಬಿತ್ತು.

ಈ ವೇಷಕ್ಕೆ ಒಂದು ಅಸಲಿ ಮೂಲ ಇದೆ. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. 1930ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ರೇಡಿಯೊ ಕಾರ್ಯಕ್ರಮ ಶುರುವಾಯಿತು. ಪತ್ತೇದಾರಿ ಕಥೆಗಳ ಪತ್ರಿಕೆಯೊಂದರ ಮಾರಾಟ ಜಾಸ್ತಿ ಮಾಡಬೇಕಿತ್ತು, ಅದಕ್ಕೆ ಅದರ ಕಥೆಗಳನ್ನೇ ಗಾಳಿಯಲ್ಲಿ ಹೇಳಿಸಿದರು. ಕಥೆ ಹೇಳುವ ದನಿಗೆ 'ದಿ ಶ್ಯಾಡೋ' ಅಂತ ಹೆಸರಿಟ್ಟರು. ಅವನು ನಾಯಕನೇನೂ ಅಲ್ಲ, ಸುಮ್ನೆ ನಿರೂಪಕ. ಆದರೆ ಜನ ಪತ್ರಿಕೆ ಅಂಗಡಿಗೆ ಹೋಗಿ ಕೇಳಿದ್ದು ಏನು ಗೊತ್ತಾ? ಆ ಶ್ಯಾಡೋ ಇರುವ ಪುಸ್ತಕ ಕೊಡಿ ಅಂತ! ಇಲ್ಲದ ಪುಸ್ತಕವನ್ನು ಎಲ್ಲಿಂದ ಕೊಡುವುದು? ಪ್ರಕಾಶಕರು ತಡಮಾಡಲಿಲ್ಲ. ವಾಲ್ಟರ್ ಗಿಬ್ಸನ್ ಎಂಬ ಬರಹಗಾರನನ್ನು ಹಿಡಿದು 1931ರಲ್ಲಿ ಅವನ ಹೆಸರಿನಲ್ಲೇ ಪತ್ರಿಕೆ ತಂದರು. ಕಪ್ಪು ನಿಲುವಂಗಿ, ಅಗಲ ಅಂಚಿನ ಟೋಪಿ. ಮೂಗಿನವರೆಗೆ ಮುಚ್ಚುವ ಕೆಂಪು ಸ್ಕಾರ್ಫು ಆಮೇಲೆ ಕಾಮಿಕ್‌ಗಳಲ್ಲಿ ಬಂತು. ಗಿಬ್ಸನ್ ಒಬ್ಬನೇ 280ಕ್ಕೂ ಹೆಚ್ಚು ಶ್ಯಾಡೋ ಕಾದಂಬರಿ ಬರೆದ. ಮೊದಲು ದನಿ ಹುಟ್ಟಿ, ಆಮೇಲೆ ಅದಕ್ಕೊಂದು ಮೈ ಸಿಕ್ಕಿದ ಕಥೆ ಇದು.

1937ರಲ್ಲಿ ಈ ಶ್ಯಾಡೋ ತಾನೇ ನಾಯಕನಾಗಿ ರೇಡಿಯೊಗೆ ಮರಳಿದ. ದನಿ ಕೊಟ್ಟದ್ದು 22 ವರ್ಷದ ಹುಡುಗ ಆರ್ಸನ್ ವೆಲ್ಸ್. ರೇಡಿಯೊದ ಶ್ಯಾಡೋಗೆ ಒಂದು ವಿದ್ಯೆ ಗೊತ್ತಿತ್ತು. ಎದುರಿಗಿರುವವರ ಮನಸ್ಸಿಗೆ ಮಂಕು ಕವಿಸಿ ತಾನು ಕಾಣದಂತೆ ಮಾಡುವುದು. ರೇಡಿಯೊಗೆ ಇದಕ್ಕಿಂತ ಒಳ್ಳೆಯ ವಿದ್ಯೆ ಬೇಕಾ ಹೇಳಿ! ಕೇಳುಗನಿಗೆ ಹೇಗೂ ಯಾರೂ ಕಾಣುವುದಿಲ್ಲ. ಕಳ್ಳನಿಗೂ ಅವನು ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಒಂದು ನಗು ಕೇಳಿಸುತ್ತದೆ, ಕಳ್ಳ ಬೆವರುತ್ತಾನೆ, ಮನೆಯಲ್ಲಿ ಕುಳಿತವನಿಗೂ ಮೈ ಜುಮ್ಮೆನ್ನುತ್ತದೆ. ಇಬ್ಬರಿಗೂ ಸಿಕ್ಕಿದ್ದು ದನಿ ಮಾತ್ರ. ಈ ಕಾರ್ಯಕ್ರಮ 1954ರ ಕೊನೆಯವರೆಗೂ ನಡೆಯಿತು. ಅಷ್ಟರಲ್ಲಿ ಟಿ.ವಿ. ಮನೆಮನೆಗೆ ಬರುತ್ತಿತ್ತು. ಫಾಲ್‌ಔಟ್ ಲೋಕದಲ್ಲಿ ರೇಡಿಯೊ ನಾಟಕ ಸೊರಗಲೇ ಇಲ್ಲ. 2077ರಲ್ಲೂ ಹುಡುಗರು ಪೆಟ್ಟಿಗೆಯ ಮುಂದೆ ಕಿವಿಗೊಟ್ಟು ಕೂರುತ್ತಿದ್ದರು.

ಹಾಗೆ ಕೂತಿದ್ದವರಲ್ಲಿ ಒಬ್ಬ ಕೆಂಟ್ ಕಾನಲಿ. ನನ್ನ ಪ್ರಕಾರ ಇಡೀ ಪ್ರಸಂಗದ ನಾಯಕ ಇವನೇ. ಕೆಂಟ್ ಒಬ್ಬ 'ಘೂಲ್'. ಅಂದರೆ ವಿಕಿರಣ ತಾಗಿ ಚರ್ಮ ಸುಟ್ಟು ಕರಗಿದಂತಾಗಿ, ಆದರೂ ಸಾಯದೆ ನೂರಾರು ವರ್ಷ ಬದುಕಿರುವವನು. ಯುದ್ಧಕ್ಕೆ ಮೊದಲು ಹುಟ್ಟಿದವನಾದ್ದರಿಂದ ಸಿಲ್ವರ್ ಶ್ರೌಡ್ ನಾಟಕವನ್ನು ಆ ಕಾಲದಲ್ಲೇ ಕೇಳಿ ಬಲ್ಲ. ಗುಡ್‌ನೇಬರ್ ಎಂಬ ಪುಟ್ಟ ಊರಿನ 'ಮೆಮೊರಿ ಡೆನ್'ನಲ್ಲಿ ಅವನ ವಾಸ. ಅಲ್ಲಿ ಒರಗುಕುರ್ಚಿಯಂಥ ಯಂತ್ರಗಳಿವೆ. ಅದರೊಳಗೆ ಮಲಗಿದರೆ ಹಳೆಯ ನೆನಪನ್ನು ಮತ್ತೆ ಬದುಕಬಹುದು. ಪಕ್ಕದ ಕೋಣೆಯಲ್ಲೇ ಅವನ ರೇಡಿಯೊ ನಿಲಯ. ದಿನವಿಡೀ ಸಿಲ್ವರ್ ಶ್ರೌಡ್‌ನ ಹಳೆಯ ಕಂತುಗಳು.

ಈ ಗುಡ್‌ನೇಬರ್ ಊರಿನ ಬಗ್ಗೆ ಒಂದು ಮಾತು. ಆಟದಲ್ಲಿ ಅದಿರುವುದು ಬಾಸ್ಟನ್‌ನ ಸ್ಕಾಲಿ ಚೌಕದಲ್ಲಿ, 1713ರ ಓಲ್ಡ್ ಸ್ಟೇಟ್ ಹೌಸ್ ಕಟ್ಟಡದ ಆಸುಪಾಸಿನಲ್ಲಿ. ನಿಜವಾದ ಬಾಸ್ಟನ್‌ನಲ್ಲಿ ಸ್ಕಾಲಿ ಚೌಕ ನಾಟಕ, ಕುಣಿತ, ಕುಡಿತಕ್ಕೆ ಹೆಸರಾಗಿತ್ತು. ಸರ್ಕಾರಿ ಕಚೇರಿ ಕಟ್ಟಲು 1960ರ ದಶಕದಲ್ಲಿ ಅದನ್ನು ನೆಲಸಮ ಮಾಡಿದರು. ನಿಜವಾದ ಊರಿನಲ್ಲಿ ಬುಲ್ಡೋಜರ್‌ಗೆ ಸಿಕ್ಕ ಜಾಗ, ಆಟದಲ್ಲಿ ಅಣುಬಾಂಬ್ ಬಿದ್ದರೂ ಉಳಿದಿದೆ. ಊರಿನ ಮೇಯರ್ ಕೂಡ ಒಬ್ಬ ಘೂಲ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 1776ರಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದ ಜಾನ್ ಹ್ಯಾನ್ಕಾಕ್ ಗೊತ್ತಲ್ಲ, ಅವನ ಕೆಂಪು ಕೋಟು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿತ್ತು. ಇವನು ಅದನ್ನು ಒಡೆದು ಕೋಟು ತೊಟ್ಟ, ಹೆಸರನ್ನೂ ಅವನದ್ದೇ ಇಟ್ಟುಕೊಂಡ, ಊರಿನ ಗೂಂಡಾನನ್ನು ಇಳಿಸಿ ತಾನು ಗದ್ದುಗೆ ಏರಿದ. ಒಬ್ಬನಿಗೆ ಇತಿಹಾಸದ ಕೋಟು, ಇನ್ನೊಬ್ಬನಿಗೆ ಕಾಮಿಕ್‌ನ ಕೋಟು. ಆ ಊರಲ್ಲಿ ಎರಡಕ್ಕೂ ಬೆಲೆ ಒಂದೇ. ಆಟ ಬರೆದವರ ಜಾಣತನಕ್ಕೆ ಇಲ್ಲಿ ನಾನು ತಲೆದೂಗುತ್ತೇನೆ.

ಕೆಂಟ್‌ಗೆ ಒಂದು ಆಸೆ. ಸಿಲ್ವರ್ ಶ್ರೌಡ್ ನಿಜವಾಗಿ ಬೀದಿಗೆ ಇಳಿಯಬೇಕು. ಅವನಿಗೆ ಆ ಧೈರ್ಯ ಇಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಹಾಗಾಗಿ ಆಟಗಾರನನ್ನು, ಅಂದರೆ ನಿಮ್ಮನ್ನು, ಹ್ಯೂಬ್ರಿಸ್ ಕಾಮಿಕ್ಸ್ ಕಟ್ಟಡಕ್ಕೆ ಕಳಿಸುತ್ತಾನೆ. ಹುಚ್ಚು ಹಿಡಿದ ಘೂಲ್‌ಗಳ ನಡುವೆ ನುಗ್ಗಿ, ಟಿ.ವಿ.ಗೆ ಅಂತ ಹೊಲಿಸಿಟ್ಟಿದ್ದ ವೇಷ ತರಬೇಕು. ವೇಷ ತೊಟ್ಟ ಮೇಲೆ ಆಟದಲ್ಲಿ ಒಂದು ಹೊಸ ಆಯ್ಕೆ ತೆರೆದುಕೊಳ್ಳುತ್ತದೆ: ಶ್ರೌಡ್‌ನಂತೆ ಮಾತಾಡು. ಒತ್ತಿದರೆ ಸಾಕು, ಅಲ್ಲಿಯವರೆಗೆ ಸಾಧಾರಣವಾಗಿ ಮಾತಾಡುತ್ತಿದ್ದ ನಿಮ್ಮ ಪಾತ್ರ ಗಂಟಲು ಬಿಗಿಹಿಡಿದು, ಹಳೆಯ ರೇಡಿಯೊ ನಾಟಕದ ಠೀವಿಯಲ್ಲಿ ಸಾವು, ಪಾಪ, ನ್ಯಾಯ ಅಂತ ಡೈಲಾಗ್ ಹೊಡೆಯಲು ಶುರುಮಾಡುತ್ತದೆ. ಎದುರಿಗಿರುವವನಿಗೆ ಒಂದು ಕ್ಷಣ ಏನು ಹೇಳಬೇಕೋ ತೋಚುವುದಿಲ್ಲ. ಈ ಆಟದಲ್ಲಿ ನಾಯಕ, ನಾಯಕಿ ಇಬ್ಬರಿಗೂ ಕಲಾವಿದರು ತಲಾ 13,000ಕ್ಕೂ ಹೆಚ್ಚು ಸಾಲು ಓದಿದ್ದಾರೆ. ಅವರು ಮನಸಾರೆ ಮಜಾ ಮಾಡಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ.

ಇಲ್ಲಿಯವರೆಗೆ ತಮಾಷೆ. ಆಮೇಲೆ ಕಥೆ ಸ್ವಲ್ಪ ಕಹಿಯಾಗುತ್ತದೆ. ಕೆಂಟ್ ರೇಡಿಯೊದಲ್ಲಿ ಹೆಸರು ಕೂಗುತ್ತಾನೆ. ಇಂಥವನು ಕೊಲೆಗಾರ. ಇಂಥವನು ಮಕ್ಕಳಿಗೆ ಮಾದಕ ದ್ರವ್ಯ ಮಾರುತ್ತಾನೆ. ಇಂಥವಳು ದುಡ್ಡಿಗೆ ಕೊಲ್ಲುತ್ತಾಳೆ. ನೀವು ಹೋಗಿ ಕೊಂದು, ಹೆಣದ ಮೇಲೆ ಶ್ರೌಡ್‌ನ ಕಾರ್ಡು ಇಟ್ಟು ಬರಬೇಕು. ಅವರೆಲ್ಲ ಕೆಟ್ಟವರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ದೂರು ಕೊಟ್ಟವನೂ ತೀರ್ಪು ಹೇಳಿದವನೂ ಮೈಕ್ ಮುಂದೆ ಕೂತ ಒಬ್ಬನೇ ಮನುಷ್ಯ ಅಲ್ವಾ? ರಕ್ತ ಅವನ ಕೈಗೆ ತಾಗಲಿಲ್ಲ. ಮೈಕ್ ಮುಂದೆ ಕೂತು ಇದನ್ನು ಹೇಳುವಾಗ ನನಗೂ ಸ್ವಲ್ಪ ಇರುಸುಮುರುಸು. ಕಾಮಿಕ್‌ನಲ್ಲಿ ಇದು ಕಾಡುವುದಿಲ್ಲ. ಅಲ್ಲಿ ಕಳ್ಳ ಕಳ್ಳನ ಹಾಗೇ ಕಾಣುತ್ತಾನೆ, ಪುಟ ತಿರುವಿದರೆ ಕಥೆ ಮುಗಿಯಿತು. ಕೆಂಟ್ ಊರನ್ನೂ ಹಾಗೇ ಪುಟ ತಿರುವಿ ಸರಿಮಾಡಬಹುದು ಅಂದುಕೊಂಡಿದ್ದ.

ಆ ಲೆಕ್ಕ ತಪ್ಪುವುದು ಸಿಂಜಿನ್ ಎಂಬ ಪಾತಕಿಯ ಕೈಯಲ್ಲಿ. ವೇಷಧಾರಿಯನ್ನು ಹುಡುಕುವುದು ಕಷ್ಟ. ಆದರೆ ರೇಡಿಯೊದಲ್ಲಿ ದಿನಾ ಮಾತಾಡುವವನನ್ನು ಹುಡುಕುವುದು ಏನು ಮಹಾ? ಸಿಂಜಿನ್ ಕೆಂಟ್‌ನನ್ನೇ ಎತ್ತಿಹಾಕಿಕೊಂಡು ಮಿಲ್ಟನ್ ಆಸ್ಪತ್ರೆಯ ಪಾಳು ಕಟ್ಟಡಕ್ಕೆ ಒಯ್ಯುತ್ತಾನೆ. ನೀವು ಹೋಗುವ ಹೊತ್ತಿಗೆ ಕೆಂಟ್ ಒತ್ತೆಯಾಳು, ಅವನ ಮೇಲೆ ಬಂದೂಕು ನೆಟ್ಟಿದೆ. ಇಲ್ಲಿ ಗುರಿಗಿಂತ ದನಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಶ್ರೌಡ್‌ನ ದನಿಯಲ್ಲಿ ಸರಿಯಾಗಿ ಗದರಿದರೆ ಸಿಂಜಿನ್‌ನ ಬಂಟರು ಹೆದರಿ ಕಾಲ್ತೆಗೆಯುತ್ತಾರೆ. ಶ್ಯಾಡೋನ ನಗುವಿಗೆ ಬೆವರಿದ ಕಳ್ಳರ ಮರಿಮಕ್ಕಳು ಅನ್ನಿ. ತಡಮಾಡಿದರೆ ಕೆಂಟ್ ಸಾಯುತ್ತಾನೆ, ಆಟ ಅವನನ್ನು ಮತ್ತೆ ಎಬ್ಬಿಸುವುದಿಲ್ಲ.

ಇದೇ ರೇಡಿಯೊ ನಾಟಕದ ಇನ್ನೊಂದು ಎಳೆ 2018ರ 'ಫಾಲ್‌ಔಟ್ 76'ರಲ್ಲಿದೆ. ಅದು ಕಾಲದಲ್ಲಿ ಹಿಂದಿನದು, 2102ರ ವೆಸ್ಟ್ ವರ್ಜೀನಿಯಾ. ಶ್ರೌಡ್ ನಾಟಕದಲ್ಲಿ 'ಮಿಸ್ಟ್ರೆಸ್ ಆಫ್ ಮಿಸ್ಟರಿ' ಎಂಬ ವೇಷಧಾರಿ ಹೆಣ್ಣಿನ ಪಾತ್ರ ಇತ್ತು. ಆ ಪಾತ್ರಕ್ಕೆ ದನಿ ಕೊಟ್ಟ ನಟಿ ಶ್ಯಾನನ್ ರಿವರ್ಸ್ ಯುದ್ಧದ ನಂತರ ತನ್ನ ಬಂಗಲೆಯಲ್ಲಿ ಅನಾಥ ಹುಡುಗಿಯರನ್ನು ಸೇರಿಸಿಕೊಂಡು, ನಾಟಕದಲ್ಲಿದ್ದಂತೆಯೇ ಒಂದು ಗುಪ್ತ ಪಡೆ ಕಟ್ಟಿದಳು. ಕೆಂಟ್ ಕೇಳುಗ, ಇವಳು ಆ ದನಿಯ ಒಡತಿ. ಇವಳಿಗಾದರೂ ಒಳ್ಳೆಯದಾಯಿತೇ ಅಂದರೆ ಅದೂ ಇಲ್ಲ. ಸ್ವಂತ ಮಗಳೇ ತಿರುಗಿಬಿದ್ದು ಪಡೆ ನಾಶವಾಯಿತು. ಆಟಗಾರ ಆ ಬಂಗಲೆಗೆ ಕಾಲಿಡುವಾಗ ಉಳಿದಿರುವುದು ಧ್ವನಿಸುರುಳಿಗಳು ಮಾತ್ರ.

ಕೆಂಟ್ ಬದುಕುಳಿದರೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಪೆಟ್ಟು ತಿಂದವನು ಕುಗ್ಗಿಹೋಗಿರುತ್ತಾನೆ, ಇನ್ನು ಇದೆಲ್ಲ ಬೇಕಾ ಅಂತ ನಿಮ್ಮನ್ನೇ ಕೇಳುತ್ತಾನೆ. ಬಿಟ್ಟುಬಿಡು ಅನ್ನಬಹುದು, ಮುಂದುವರಿಸು ಅನ್ನಲೂಬಹುದು. ನಿಮ್ಮ ಆಟ ಮುಂದಕ್ಕೆ ಹೋದಂತೆ ಆ ವೇಷವನ್ನು ಗಟ್ಟಿಮುಟ್ಟು ಮಾಡಿ ಕೊಡುವವನೂ ಅವನೇ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. 2016ರಲ್ಲಿ ಬಂದ 'ಆಟೊಮಟ್ರಾನ್' ಎಂಬ ಹೆಚ್ಚುವರಿ ಕಥೆಯಲ್ಲಿ ಮೆಕ್ಯಾನಿಸ್ಟ್ ಎಂಬ ಇನ್ನೊಬ್ಬ ಮುಖವಾಡದ ಪಾತ್ರ ಎದುರಾಗುತ್ತದೆ, ರೋಬೋಟ್‌ಗಳ ದಂಡು ಕಟ್ಟಿಕೊಂಡು. ಶ್ರೌಡ್ ಲೋಕದಲ್ಲಿ ಅದೂ ಕಾಮಿಕ್ ಹೆಸರೇ. ಸಾಮಾನ್ಯ ಬಟ್ಟೆಯಲ್ಲಿ ಹೋದರೆ ಅದೊಂದು ಮಾಮೂಲಿ ಮುಖಾಮುಖಿ. ಕಪ್ಪು ಕೋಟು, ಬೆಳ್ಳಿ ಸ್ಕಾರ್ಫು ಹಾಕಿಕೊಂಡು ಹೋಗಿ, ಶ್ರೌಡ್‌ನ ದನಿಯಲ್ಲಿ ಮಾತು ತೆಗೆಯಿರಿ. ಮುಖವಾಡದ ಆ ಕಡೆಯಿಂದಲೂ ಕಾಮಿಕ್ ಭಾಷೆಯಲ್ಲೇ ಉತ್ತರ ಬರುತ್ತದೆ. ಗುಂಡು ಹಾರಿಸದೆ ಆ ಜಗಳ ಮುಗಿಸುವ ದಾರಿಯೂ ಆಟದಲ್ಲಿದೆ. ನಾನಾದರೆ ಆ ದಾರಿಯನ್ನೇ ಹಿಡಿಯುತ್ತೇನೆ.

ನಮಸ್ಕಾರ.