ಹೆಸರಲ್ಲಿ ‘ಒರಿಜಿನ್’ ಇದ್ಯಾ ನೋಡಿ

ನಮಸ್ಕಾರ ಕೇಳುಗರೆ. ಏನೋ ಓದೋಣ ಅಂತ ಒಂದು ಪೇಜ್ ತೆಗೀತೀರ, ಕುಕೀ ಒಪ್ಕೊಳ್ಳಿ ಅಂತ ಒಂದು ಪೆಟ್ಟಿಗೆ ಅಡ್ಡ ಬರುತ್ತೆ, ಅದನ್ನ ಮುಚ್ಚೋಷ್ಟರಲ್ಲಿ ವಿಡಿಯೋ ಜಾಹೀರಾತು ಅರಚಕ್ಕೆ ಶುರು, ಓದಬೇಕಾದ್ದು ಎಲ್ಲೋ ಕೆಳಗೆ. ಇದಕ್ಕೆ ನಾನು ಹೇಳೋ ಮದ್ದು ಒಂದೇ, ಯುಬ್ಲಾಕ್ ಒರಿಜಿನ್. ಜಾಹೀರಾತು ತಡೆಯೋಕೆ ಬ್ರೌಸರ್‌ಗೆ ಹಾಕ್ಕೊಳ್ಳೋ ಎಕ್ಸ್‌ಟೆನ್ಶನ್, ಅಂದ್ರೆ ಬ್ರೌಸರ್ ಒಳಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಮ್, ಪೂರ್ತಿ ಫ್ರೀ. ‘ಒರಿಜಿನ್’ ಅನ್ನೋದನ್ನ ದಯವಿಟ್ಟು ಬರ್ಕೊಳ್ಳಿ.

ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ ಅದಕ್ಕೊಂದು ಕಥೆ ಇದೆ, ನಂಗಂತೂ ಎಷ್ಟು ಸಲ ಹೇಳಿದ್ರೂ ಬೇಜಾರಾಗಲ್ಲ. ರೇಮಂಡ್ ಹಿಲ್ ಅನ್ನೋರು 2014ರಲ್ಲಿ ಯುಬ್ಲಾಕ್ ಬರೆದ್ರು, ಜನ ಮುಗಿಬಿದ್ರು. ಬಳಸೋರ ದೂರು, ಪ್ರಶ್ನೆ ನೋಡಿ ನೋಡಿ ಅವರಿಗೆ ಸಾಕಾಗಿ 2015ರಲ್ಲಿ ಅದನ್ನ ಇನ್ನೊಬ್ರ ಕೈಗೆ ಒಪ್ಪಿಸಿದ್ರು. ಅಲ್ಲಿ ದೇಣಿಗೆ ಕೇಳೋದು ಶುರುವಾಯ್ತು. ಹಿಲ್ ಅದೇ ವರ್ಷ ಬೇರೆಯಾಗಿ ಯುಬ್ಲಾಕ್ ಒರಿಜಿನ್ ಅಂತ ಮುಂದುವರಿಸಿದ್ರು, ದೇಣಿಗೆ ಕೊಡ್ತೀವಿ ಅಂದ್ರೂ ತಗೊಳ್ಳಲ್ಲ ಆ ಮನುಷ್ಯ! ಆ ಹಳೇ ಯುಬ್ಲಾಕ್ ಏನಾಯ್ತು? 2018ರಲ್ಲಿ ಆಡ್‌ಬ್ಲಾಕ್ ಅನ್ನೋ ಇನ್ನೊಂದು ಜಾಹೀರಾತು ತಡೆಯೋ ಎಕ್ಸ್‌ಟೆನ್ಶನ್‌ನವರ ಪಾಲಾಯ್ತು, ಆಮೇಲೆ ‘ಒಪ್ಪಬಹುದಾದ ಜಾಹೀರಾತು’ ಅಂತ ಹೆಸರು ಕೊಟ್ಟು ಒಂದಷ್ಟನ್ನ ಒಳಗೆ ಬಿಡಕ್ಕೆ ಶುರು ಮಾಡ್ತು. ಬೇಲಿನೇ ಎದ್ದು ಹೊಲ ಮೇಯ್ದಂಗೆ. ಅದಕ್ಕೇ ಮತ್ತೆ ಹೇಳ್ತೀನಿ, ಒರಿಜಿನ್.

ಕಥೆ ಉದ್ದ ಆಯ್ತು, ಮುಂದಿಂದು ಬೇಗ ಬೇಗ ಹೇಳ್ಬಿಡ್ತೀನಿ. ಇದು ಏನೇನು ತಡೀಬೇಕು ಅಂತ ಹೇಳೋ ಈಜಿಲಿಸ್ಟ್ ತರದ ಪಟ್ಟಿಗಳನ್ನ ಇಟ್ಕೊಂಡು, ಜಾಹೀರಾತು ಮತ್ತೆ ಟ್ರ್ಯಾಕರ್ (ನೀವು ಏನು ನೋಡ್ತೀರ ಅಂತ ಹಿಂಬಾಲಿಸೋ) ಸರ್ವರ್‌ಗಳಿಗೆ ನಿಮ್ಮ ಬ್ರೌಸರ್ ಹೋಗಿ ಕೇಳೋದನ್ನೇ ತಡೆಯುತ್ತೆ. ಬರೀ ಮರೆಮಾಚೋದಲ್ಲ, ಡೌನ್‌ಲೋಡೇ ಆಗಲ್ಲ, ಅದಕ್ಕೇ ಪೇಜ್ ಬೇಗ ತೆರೆಯುತ್ತೆ, ಡೇಟಾನೂ ಉಳಿಯುತ್ತೆ. ಕುಕೀ ಪೆಟ್ಟಿಗೆ ಮಾತ್ರ ತಾನಾಗೇ ಹೋಗಲ್ಲ, ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಲಿಸ್ಟ್ಸ್ ಒಳಗೆ ಕುಕೀ ನೋಟಿಸಸ್ ಅಂತ ಇದೆ, ಟಿಕ್ ಮಾಡಿ. ಪೆಟ್ಟಿಗೆ ಕಾಣಲಿಲ್ಲ ಅಂದ್ರೆ ಸಾಮಾನ್ಯವಾಗಿ ನೀವು ಒಪ್ಕೊಂಡಂಗೆ ಅಲ್ಲ, ಹೆದರಬೇಡಿ.

ಕ್ರೋಮ್‌ನವರು ಹಳೇ ಮಾದರಿ ಎಕ್ಸ್‌ಟೆನ್ಶನ್‌ಗಳನ್ನ ನಿಲ್ಲಿಸಿದ್ದಾರೆ, ಇದೂ ಅದೇ ಮಾದರಿದು, ಅದಕ್ಕೇ ಅಲ್ಲಿ ಯುಬ್ಲಾಕ್ ಒರಿಜಿನ್ ಲೈಟ್ ಸಿಗುತ್ತೆ, ಶಕ್ತಿ ಸ್ವಲ್ಪ ಕಮ್ಮಿ. ಪೂರ್ತಿದು ಬೇಕಾ, ಫೈರ್‌ಫಾಕ್ಸ್ ಹಾಕ್ಕೊಳ್ಳಿ, ಆಂಡ್ರಾಯ್ಡ್ ಫೋನಲ್ಲೂ ನಡೆಯುತ್ತೆ. ಜೊತೆಗೆ ಇನ್ನೊಂದು ಬ್ಲಾಕರ್ ಹಾಕಬೇಡಿ, ಒಂದಕ್ಕೊಂದು ಅಡ್ಡ ಬರುತ್ತೆ. ಯಾವುದಾದ್ರೂ ಸೈಟ್ ಸರಿಯಾಗಿ ತೆರೀಲಿಲ್ಲ ಅಂದ್ರೆ ಎಕ್ಸ್‌ಟೆನ್ಶನ್ನೇ ಕಿತ್ತು ಹಾಕ್ಬೇಡಿ ಮಾರಾಯ್ರೆ, ಐಕಾನ್ ಒತ್ತಿದ್ರೆ ದೊಡ್ಡ ಪವರ್ ಬಟನ್ ಇರುತ್ತೆ, ಆ ಸೈಟಿಗೆ ಮಾತ್ರ ಆಫ್ ಮಾಡಿ ಪೇಜ್ ರಿಲೋಡ್ ಮಾಡಿ. ನಮಸ್ಕಾರ.