ಆಗದು ಎಂದ ರಸ್ತೆಯ ಮೇಲೆ: ಸೇಬಾ ದ್ವೀಪದಲ್ಲಿ ನಾಲ್ಕು ದಿನ

ಸಮುದ್ರದಿಂದ ನೇರವಾಗಿ ಮೇಲೆದ್ದು, ನೆತ್ತಿಯನ್ನು ಮೋಡದೊಳಗೆ ಮರೆಸಿಕೊಂಡು ನಿಂತಿರುವ ಈ ಹಸಿರು ಬೆಟ್ಟವೇ ಸೇಬಾ. ಕೆರಿಬಿಯನ್ ಸಮುದ್ರದ ಈಶಾನ್ಯ ಭಾಗದಲ್ಲಿರುವ ಈ ದ್ವೀಪದ ವಿಸ್ತೀರ್ಣ ಕೇವಲ 13 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 2,000. 2010ರ ಅಕ್ಟೋಬರ್ 10ರಿಂದ ಇದು ನೆದರ್‌ಲ್ಯಾಂಡ್ಸ್‌ನ ವಿಶೇಷ ಪುರಸಭೆಯಾಗಿದ್ದರೂ ಜನ ಆಡುವ ಮಾತು ಇಂಗ್ಲಿಷ್, ಅಂಗಡಿಗಳಲ್ಲಿ ನಡೆಯುವ ಹಣ ಅಮೆರಿಕದ ಡಾಲರ್.

ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಸಿಂಟ್ ಮಾರ್ಟೆನ್ ತಲುಪಿದ ಮೇಲೆ ಸೇಬಾಕ್ಕೆ ಉಳಿಯುವುದು ಎರಡೇ ದಾರಿ: ಸುಮಾರು ಒಂದೂಕಾಲು ಗಂಟೆಯ ಫೆರಿ, ಇಲ್ಲವೇ ಹದಿನೈದು ನಿಮಿಷದೊಳಗೆ ಮುಗಿಯುವ ವಿಮಾನಯಾನ. ಹೋಗುವಾಗ ನಾನು ವಿಮಾನವನ್ನೇ ಆರಿಸಿಕೊಂಡೆ. ಇಲ್ಲಿನ ರನ್‌ವೇಯ ಉದ್ದ ಸುಮಾರು 400 ಮೀಟರ್; ನಾನು ಹೊರಟುಬಂದ ಬೆಂಗಳೂರಿನ ರನ್‌ವೇಯ ಹತ್ತನೇ ಒಂದು ಭಾಗ. ಪ್ರಯಾಣಿಕರ ವಿಮಾನಗಳು ನಿಯಮಿತವಾಗಿ ಇಳಿಯುವ ರನ್‌ವೇಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಚಿಕ್ಕದೆಂದು ಹೆಸರಾದ ಇದರ ಎರಡೂ ತುದಿಗಳಲ್ಲಿ ಸಮುದ್ರವಿದೆ, ಪಕ್ಕದಲ್ಲಿ ಬೆಟ್ಟವಿದೆ. ಜೆಟ್ ವಿಮಾನಗಳಿಗೆ ಇಲ್ಲಿ ಜಾಗವಿಲ್ಲ. ಟ್ವಿನ್ ಆಟರ್ ಎಂಬ ಎರಡು ಎಂಜಿನ್‌ಗಳ ಪುಟ್ಟ ವಿಮಾನ ಮಾತ್ರ ಬಂಡೆಯ ಬದಿಯಿಂದ ಬಂದು ಇಳಿಯುತ್ತದೆ. ಚಕ್ರ ನೆಲ ಮುಟ್ಟಿದ ಮರುಕ್ಷಣವೇ ದೇಹ ಮುಂದಕ್ಕೆ ವಾಲಿತು, ಅಷ್ಟರಲ್ಲಿ ವಿಮಾನ ನಿಂತೇ ಬಿಟ್ಟಿತ್ತು.

ಆದರೆ ನಾನು ಇಷ್ಟು ದೂರ ಬಂದದ್ದು ಈ ರನ್‌ವೇಗಾಗಿ ಅಲ್ಲ, ಅದರ ಅಂಚಿನಿಂದಲೇ ಮೇಲಕ್ಕೆ ಹತ್ತುವ ಈ ಕಾಂಕ್ರೀಟ್ ರಸ್ತೆಗಾಗಿ. ದ್ವೀಪದವರು ಇದನ್ನು ‘ದ ರೋಡ್’ ಎಂದಷ್ಟೇ ಕರೆಯುತ್ತಾರೆ, ಏಕೆಂದರೆ ಊರೂರನ್ನು ಸೇರಿಸುವ ರಸ್ತೆ ಇದೊಂದೇ. ಇಷ್ಟು ಕಡಿದಾದ ನೆಲದಲ್ಲಿ ರಸ್ತೆ ಸಾಧ್ಯವೇ ಇಲ್ಲವೆಂದು ಡಚ್ ಎಂಜಿನಿಯರುಗಳು ಹೇಳಿ ಹೋದ ಮೇಲೆ, ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರು ಅಂಚೆಯ ಮೂಲಕ ಪಾಠ ತರಿಸಿಕೊಂಡು ಸಿವಿಲ್ ಎಂಜಿನಿಯರಿಂಗ್ ಕಲಿತರು. 1938ರಲ್ಲಿ ಊರಿನ ಜನ ಕೆಲಸಕ್ಕೆ ಇಳಿದರು. ಯಂತ್ರಗಳ ನೆರವಿಲ್ಲದೆ ಕಲ್ಲು ಒಡೆದು, ಮಣ್ಣು ಹೊತ್ತು, ತಡೆಗೋಡೆ ಕಟ್ಟುತ್ತ ಸಾಗಿದ ಅವರು 1943ರಲ್ಲಿ ಫೋರ್ಟ್ ಬೇ ದಡದಿಂದ ರಾಜಧಾನಿ ‘ದ ಬಾಟಮ್’ವರೆಗಿನ ಮೊದಲ ಭಾಗವನ್ನು ಮುಗಿಸಿದರು. ದ್ವೀಪಕ್ಕೆ ಮೊದಲ ಮೋಟಾರು ವಾಹನವಾಗಿ ಒಂದು ಜೀಪು ಬಂದದ್ದು 1947ರಲ್ಲಿ. 1951ರಲ್ಲಿ ರಸ್ತೆ ವಿಂಡ್‌ವರ್ಡ್‌ಸೈಡ್ ತಲುಪಿತು, 1958ರಲ್ಲಿ ಪೂರ್ಣಗೊಂಡಿತು. ಇಪ್ಪತ್ತು ವರ್ಷಗಳ ಕೈಕೆಲಸ ಇದು. ವಿಮಾನ ನಿಲ್ದಾಣವೂ ಈ ರಸ್ತೆಯ ಬೆನ್ನಿಗೇ ಬಂದದ್ದು: ಜನರೇ ಕಲ್ಲು ಹೆಕ್ಕಿ ಹಸನು ಮಾಡಿಕೊಟ್ಟ ಫ್ಲ್ಯಾಟ್ ಪಾಯಿಂಟ್ ಎಂಬ ಜಾಗದಲ್ಲಿ 1959ರ ಫೆಬ್ರವರಿಯಲ್ಲಿ ರೆಮಿ ದ ಹೇನೆನ್ ಎಂಬ ಪೈಲಟ್ ಮೊದಲ ಬಾರಿಗೆ ವಿಮಾನ ಇಳಿಸಿದರು, 1963ರಲ್ಲಿ ನಿಲ್ದಾಣ ಆರಂಭವಾಯಿತು.

ಇಲ್ಲಿ ಊರಿಂದೂರಿಗೆ ಓಡುವ ಬಸ್ಸುಗಳಿಲ್ಲ. ಟ್ಯಾಕ್ಸಿಗಳಿವೆ, ಬಾಡಿಗೆ ಕಾರುಗಳೂ ಸಿಗುತ್ತವೆ. ಪೆಟ್ರೋಲ್ ಬಂಕ್ ಮಾತ್ರ ಇಡೀ ದ್ವೀಪಕ್ಕೆ ಒಂದೇ, ಅದೂ ಕೆಳಗೆ ಫೋರ್ಟ್ ಬೇಯಲ್ಲಿ. ರಸ್ತೆ ಬದಿಯ ಗೋಡೆಯ ಮೇಲೆ ಕುಳಿತು ಕೈ ತೋರಿಸಿ, ಹಾದು ಹೋಗುವ ಕಾರು ಹತ್ತುವುದು ಇಲ್ಲಿನ ಸಹಜ ರೂಢಿ. ಎರಡನೇ ದಿನ ನನ್ನನ್ನು ಹತ್ತಿಸಿಕೊಂಡ ಹಿರಿಯರೊಬ್ಬರು ಪ್ರತಿ ಕಡಿದಾದ ತಿರುವಿನಲ್ಲೂ ಹಾರ್ನ್ ಹೊಡೆದು, ಎದುರಿನಿಂದ ಉತ್ತರ ಬರದಿದ್ದರೆ ಮಾತ್ರ ಮುಂದೆ ಸಾಗುತ್ತಿದ್ದರು. ಬಿಳಿ ಗೋಡೆ, ಕೆಂಪು ಮಾಡು, ಹಸಿರು ಕಿಟಕಿ ಬಾಗಿಲುಗಳ ಮನೆಗಳು ಒಂದೊಂದಾಗಿ ಹಾದುಹೋಗುತ್ತಿದ್ದರೂ ನನ್ನ ಕಣ್ಣೆಲ್ಲ ಕಣಿವೆಯ ಕಡೆಗಿದ್ದ ಆ ತಡೆಗೋಡೆಯ ಮೇಲೆಯೇ ಇತ್ತು. ನೀವು ಬಂದರೆ ಒಂದು ಭಾಗವನ್ನಾದರೂ ನಡೆದೇ ನೋಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಕಲ್ಲುಗಳನ್ನು ಹೇಗೆ ಕೂರಿಸಿದ್ದಾರೆಂಬುದು ಕಾರಿನಿಂದ ಕಾಣುವುದಿಲ್ಲ.

ಮರುದಿನ ಮೌಂಟ್ ಸೀನರಿಗೆ 1,064 ಮೆಟ್ಟಿಲು ಹತ್ತಿದೆ. ನೆದರ್‌ಲ್ಯಾಂಡ್ಸ್ ಸಾಮ್ರಾಜ್ಯದ ಅತಿ ಎತ್ತರದ ಜಾಗ ಅದು. ಮೇಲಿನ ಕಾಡಿನಲ್ಲಿ ಮೋಡವೇ ಎಲೆಗಳಿಂದ ತೊಟ್ಟಿಕ್ಕುತ್ತಿದ್ದುದರಿಂದ ಕ್ಯಾಮೆರಾವನ್ನು ಚೀಲದೊಳಗೆ ಇಡಬೇಕಾಯಿತು. ಮರಳ ದಂಡೆಯ ಆಸೆಯಿಂದ ಬರುವವರಿಗೆ ಒಂದು ಮಾತು: ಸೇಬಾದಲ್ಲಿ ವರ್ಷವಿಡೀ ಉಳಿಯುವ ಮರಳ ತೀರ ಇಲ್ಲವೆಂದೇ ಹೇಳಬೇಕು. ವೆಲ್ಸ್ ಬೇಯಲ್ಲಿ ಬೇಸಿಗೆಯಲ್ಲಿ ಕಾಣಿಸಿಕೊಳ್ಳುವ ಮರಳನ್ನು ಚಳಿಗಾಲದ ಅಲೆಗಳು ಎಳೆದುಕೊಂಡು ಹೋಗುತ್ತವೆ.

ಹೊರಡಬೇಕಾದ ದಿನ ಸಮುದ್ರ ಒರಟಾಗಿದ್ದು ಫೆರಿ ರದ್ದಾಯಿತು. ಹಾಗಾಗಿ ಮುಂದಿನ ವಿಮಾನಕ್ಕೂ ಇದಕ್ಕೂ ನಡುವೆ ಒಂದು ದಿನವನ್ನಾದರೂ ಬಿಡುವಾಗಿ ಇಟ್ಟುಕೊಳ್ಳಿ. ನನಗೆ ಹೀಗೆ ಸಿಕ್ಕ ಮಧ್ಯಾಹ್ನದಲ್ಲಿ ‘ದ ಲ್ಯಾಡರ್’ ಇಳಿದೆ. ರಸ್ತೆಯಿಲ್ಲದ ಕಾಲದಲ್ಲಿ ದೋಣಿಯಿಂದ ಇಳಿದ ಪ್ರತಿಯೊಂದು ಸಾಮಾನೂ ಬಂಡೆಯಲ್ಲಿ ಕಡಿದ ಈ 800 ಮೆಟ್ಟಿಲುಗಳನ್ನು ಜನರ ತಲೆಯ ಮೇಲೆಯೇ ಹತ್ತಿ ಬರಬೇಕಿತ್ತು. ದಾರಿಯಲ್ಲಿ ಹಳೆಯ ಸುಂಕದ ಕಟ್ಟೆಯ ಪುಟ್ಟ ಕಟ್ಟಡ ಇಂದಿಗೂ ನಿಂತಿದೆ. ನೀರಿನ ಬಾಟಲಿ ಮತ್ತು ಕ್ಯಾಮೆರಾ ಬಿಟ್ಟರೆ ನನ್ನ ಬಳಿ ಹೊರೆಯೇನೂ ಇರಲಿಲ್ಲ. ಆದರೂ ಮತ್ತೆ ಮೇಲೆ ಹತ್ತುವಾಗ ಮೂರು ಕಡೆ ಕುಳಿತೆ. ಈಗ ನೀವು ಕೇಳುತ್ತಿರುವ ಅಲೆಯ ಸದ್ದನ್ನು ಹಾಗೆ ಕುಳಿತ ಮೊದಲ ಜಾಗದಲ್ಲಿ ಮುದ್ರಿಸಿಕೊಂಡೆ.